ಕಾರಿನ ಕರೆಂಟು, ಸನ್‌ರೂಫ್, ಎಸಿ: ತೊಂದರೆ ಎಲ್ಲಿದೆ ಅಂತ ಕಂಡುಹಿಡಿಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೂರು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ, ನಮ್ಮ ಕಾರು ವಾರಕ್ಕೆ ಎರಡು ಸಲ ಸ್ಟಾರ್ಟ್ ಆಗದೆ ನಿಲ್ಲತೊಡಗಿತು. ಒಂದು ಗ್ಯಾರೇಜಿನಲ್ಲಿ ಹೊಸ ಬ್ಯಾಟರಿ ಹಾಕಿದರು. ಹದಿನೈದೇ ದಿನಕ್ಕೆ ಅದೂ ಡೌನ್. ಇನ್ನೊಂದು ಕಡೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಬಿಚ್ಚಿ ರಿಪೇರಿ ಮಾಡಿದರು. ಸರಿಹೋಗಲಿಲ್ಲ. ಕೊನೆಗೆ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ ಬಂದರು. ಮೀಟರ್ ಹೊರಗೆ ತೆಗೆಯುವ ಮೊದಲೇ ಮುಂದಿನ ಎಡ ಸೀಟಿನ ಕೆಳಗೆ ಮ್ಯಾಟ್ ಎತ್ತಿ ಕೈಯಿಟ್ಟು ನೋಡಿದರು. ಕಾರ್ಪೆಟ್ ಒದ್ದೆ. ಸನ್‌ರೂಫಿನ ನೀರು ಹೊರಹೋಗುವ ಪೈಪು ಕಟ್ಟಿಕೊಂಡಿತ್ತು. ನೀರು ಒಳಗೊಳಗೇ ಇಳಿದು ಡ್ಯಾಶ್‌ಬೋರ್ಡಿನ ಕೆಳಗಿದ್ದ ಫ್ಯೂಸ್ ಬಾಕ್ಸಿನ ಕನೆಕ್ಟರಿಗೆ ಸೇರಿತ್ತು. ಹಾಗಾಗಿ ಕಾರು ಆಫ್ ಆದ ಮೇಲೂ ಒಂದು ಸರ್ಕ್ಯೂಟ್ ಎಚ್ಚರವಾಗೇ ಇದ್ದು ರಾತ್ರಿಯಿಡೀ ಬ್ಯಾಟರಿ ಖಾಲಿ ಮಾಡುತ್ತಿತ್ತು.

ಆವತ್ತಿನಿಂದ ಕರೆಂಟು, ಸನ್‌ರೂಫ್, ಎಸಿ ಈ ಮೂರನ್ನೂ ನಾನು ಬೇರೆ ಬೇರೆಯಾಗಿ ನೋಡುವುದಿಲ್ಲ. ಒಂದರ ರೋಗ ಇನ್ನೊಂದರಲ್ಲಿ ಕಾಣಿಸುತ್ತದೆ. ಪಾರ್ಟ್ ಬದಲಾಯಿಸುವ ಮೊದಲು ಅಳೆದು ನೋಡಿದರೆ ಎಷ್ಟೋ ದುಡ್ಡು ಉಳಿಯುತ್ತದೆ. ನೆಂಟರು, ಗೆಳೆಯರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಮನೆಯಲ್ಲಿ ಯಾವ ಸಾಮಾನು ಇಟ್ಟುಕೊಳ್ಳಬೇಕು?

ಜಾಸ್ತಿ ಏನೂ ಬೇಡ. ಒಂದು ಡಿಜಿಟಲ್ ಮಲ್ಟಿಮೀಟರ್ (ವೋಲ್ಟ್, ಕರೆಂಟು ಅಳೆಯುವ ಮೀಟರ್), ಒಂದು ಟೆಸ್ಟ್ ಲ್ಯಾಂಪ್ (ವೈರಿನಲ್ಲಿ ಕರೆಂಟು ಇದೆಯಾ ಅಂತ ತೋರಿಸುವ ಬಲ್ಬು), ಒಳ್ಳೆ ಟಾರ್ಚ್, ಅಡುಗೆಮನೆಯಲ್ಲಿ ಬಳಸುವಂಥ ಕಡ್ಡಿ ಥರ್ಮಾಮೀಟರ್, ಮತ್ತೆ ಒಂದು ಲೋಟ ನೀರು. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ಮೀಟರ್ ಸಿಗುತ್ತದೆ. ಕೊಳ್ಳುವಾಗ 10 ಆಂಪ್‌ವರೆಗೆ ಡಿಸಿ ಕರೆಂಟ್ ಅಳೆಯುತ್ತದಾ ಅಂತ ಕೇಳಿ. ಅದಿಲ್ಲದ ಮೀಟರಿನಲ್ಲಿ ನಿಂತ ಕಾರು ಬ್ಯಾಟರಿಯಿಂದ ಎಷ್ಟು ಕರೆಂಟು ಎಳೆಯುತ್ತಿದೆ ಅಂತ ಅಳೆಯಲು ಆಗುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಒಂದು ನೋಟ್‌ಬುಕ್. ತೊಂದರೆ ಯಾವಾಗ ಬಂತು, ಮಳೆ ಇತ್ತಾ, ಎಂಜಿನ್ ಬಿಸಿ ಇತ್ತಾ, ಎಸಿ ಹಾಕಿತ್ತಾ ಅಂತ ಬರೆದಿಡಿ. ಬಂದು ಹೋಗುವ ತೊಂದರೆಗಳನ್ನು ಹಿಡಿಯಲು ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ.

ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಹೋಯ್ತು ಅಂತಲೇ ಅರ್ಥವಾ?

ಹಾಗೇನಿಲ್ಲ. ಮೊದಲು ಕಿವಿಗೊಟ್ಟು ಕೇಳಿ. ಕೀ ತಿರುಗಿಸಿದಾಗ ಬೇಗ ಬೇಗ ಟಕ ಟಕ ಟಕ ಅಂದರೆ ಬ್ಯಾಟರಿ ಸೋತಿದೆ, ಇಲ್ಲವೇ ಟರ್ಮಿನಲ್ ಸಡಿಲ ಇದೆ. ಒಂದೇ ಸಲ ದಪ್ಪಗೆ ‘ಟಕ್’ ಅಂದು ಸುಮ್ಮನಾದರೆ, ಲೈಟು ಮಂಕಾಗದೆ ಹಾಗೇ ಇದ್ದರೆ, ಸ್ಟಾರ್ಟರ್ ಮೋಟಾರ್ ಕಡೆ ನೋಡಬೇಕು. ಏನೂ ಸದ್ದೇ ಇಲ್ಲದಿದ್ದರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್), ಫ್ಯೂಸ್, ಕ್ಲಚ್ ಅಥವಾ ಬ್ರೇಕ್ ಪೆಡಲಿನ ಸ್ವಿಚ್, ಕೀಯೊಳಗಿನ ಸೆಲ್ ಇವುಗಳ ಮೇಲೆ ಅನುಮಾನ. ಎಂಜಿನ್ ಚೆನ್ನಾಗಿ ತಿರುಗುತ್ತಿದ್ದೂ ಸ್ಟಾರ್ಟ್ ಆಗದಿದ್ದರೆ ಅದು ಬ್ಯಾಟರಿಯ ತಪ್ಪಲ್ಲ.

ಆಮೇಲೆ ಮೀಟರ್. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಇದೆ ಅಂತ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಬಂದರೆ ಹೆಚ್ಚುಕಡಿಮೆ ಖಾಲಿ. ಆದರೆ ವೋಲ್ಟೇಜ್ ಇದ್ದ ಮಾತ್ರಕ್ಕೆ ಬ್ಯಾಟರಿಗೆ ಶಕ್ತಿ ಇದೆ ಅಂತ ಹೇಳಲಾಗದು. ಇನ್ನೊಬ್ಬರು ಸೆಲ್ಫ್ ಹೊಡೆಯುವಾಗ ಮೀಟರ್ ನೋಡುತ್ತಿರಿ. ಆ ಹೊತ್ತಿಗೆ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಭಾರ ಹೊರಲಾರದೆ ಇದೆ. ಅದನ್ನು ಪೂರ್ತಿ ಚಾರ್ಜ್ ಮಾಡಿಸಿ ಮತ್ತೊಮ್ಮೆ ಹೀಗೇ ನೋಡಿ. ಆಗಲೂ ಕುಸಿದರೆ ಬದಲಾಯಿಸಿ.

ಸ್ಟಾರ್ಟ್ ಆದ ಮೇಲೆ ಬ್ಯಾಟರಿಯ ಮೇಲೆ 13.8ರಿಂದ 14.5 ವೋಲ್ಟ್ ಬರಬೇಕು. ಹೆಡ್‌ಲೈಟ್, ಎಸಿ ಎರಡೂ ಹಾಕಿದಾಗಲೂ 13.5ರ ಆಸುಪಾಸು ಉಳಿಯಬೇಕು. 12ರಲ್ಲೇ ನಿಂತರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಿಸಿ. 15 ದಾಟಿ ಅಲ್ಲೇ ಇದ್ದರೆ ಬ್ಯಾಟರಿ ಕುದಿಯುತ್ತಿದೆ, ತಡಮಾಡಬೇಡಿ. ಒಂದು ಮಾತು: ಈಚಿನ ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜಿಂಗ್ ನಡೆಸುತ್ತದೆ. ಅವುಗಳಲ್ಲಿ ವೋಲ್ಟೇಜ್ ಒಮ್ಮೊಮ್ಮೆ 12.5ಕ್ಕೆ ಇಳಿದು ಮತ್ತೆ ಏರುವುದು ಸಹಜ. ಅಂಥ ಕಾರಿನಲ್ಲಿ ಒಂದೇ ಸಲ ಅಳೆದು ಆಲ್ಟರ್ನೇಟರ್ ಹಾಳು ಅಂತ ತೀರ್ಮಾನ ಮಾಡಬಾರದು.

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದೆ. ಏನು ಮಾಡಲಿ?

ಕೈಗೆ ಗ್ಲೌಸ್ ಹಾಕಿಕೊಂಡು ಮೊದಲು ಮೈನಸ್ ವೈರ್ ಬಿಚ್ಚಿ, ಆಮೇಲೆ ಪ್ಲಸ್. ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಒಣಗಿಸಿ, ಬಿಗಿಯಾಗಿ ಹಾಕಿ. ಹಾಕುವಾಗ ಮೈನಸ್ ಕೊನೆಗೆ. ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ.

ಹೊಸ ಬ್ಯಾಟರಿಯೂ ಎರಡು ಮೂರು ದಿನಕ್ಕೆ ಇಳಿದುಹೋಗುತ್ತಿದೆ. ಯಾಕೆ?

ನಿಂತ ಕಾರಿನಲ್ಲಿ ಯಾವುದೋ ಒಂದು ಕರೆಂಟು ಎಳೆಯುತ್ತಿದೆ. ಇದನ್ನು ಹುಡುಕುವುದು ಕಷ್ಟವಲ್ಲ, ಆದರೆ ತಾಳ್ಮೆ ಬೇಕು.

ಗಡಿಯಾರ, ರಿಮೋಟ್ ಲಾಕ್, ಅಲಾರಂ ಇವಕ್ಕಾಗಿ ಕಾರು ಮಲಗಿದಾಗಲೂ ಸ್ವಲ್ಪ ಕರೆಂಟು ಬೇಕು. 50 ಮಿಲಿಆಂಪ್ ಒಳಗಿದ್ದರೆ ಚಿಂತೆ ಇಲ್ಲ. ಲೆಕ್ಕ ಹಾಕಿ ನೋಡಿ. 45 ಆಂಪಿಯರ್ ಅವರ್ ಬ್ಯಾಟರಿ 50 ಮಿಲಿಆಂಪ್ ಎಳೆತದಲ್ಲಿ ಅರ್ಧಕ್ಕೆ ಇಳಿಯಲು ಹದಿನೆಂಟು ದಿನದ ಮೇಲೆ ಬೇಕು. ಅದೇ ಎಳೆತ ಅರ್ಧ ಆಂಪ್ ಆದರೆ ಎರಡು ದಿನಕ್ಕೂ ಮೊದಲೇ ಅರ್ಧ ಖಾಲಿ. ಡಿಕ್ಕಿಯೊಳಗೆ ಆರದೇ ಉಳಿದ ಒಂದು 5 ವ್ಯಾಟಿನ ಬಲ್ಬು ಹೆಚ್ಚುಕಡಿಮೆ ಇಷ್ಟು ಮಾಡಲು ಸಾಕು.

ಅಳೆಯುವ ಬಗೆ ಹೀಗೆ. ಬಾನೆಟ್ ತೆರೆದಿಡಿ. ಬಾನೆಟ್ ಮತ್ತು ಬಾಗಿಲಿನ ಲ್ಯಾಚನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದ ಹಾಗೆ ಮಾಡಿ, ಕಾರನ್ನು ಲಾಕ್ ಮಾಡಿ. ಕೀಯನ್ನು ದೂರ ಇಡಿ. ಕೀ ಹತ್ತಿರವೇ ಇದ್ದರೆ ಕೆಲವು ಕಾರುಗಳು ಮಲಗುವುದಿಲ್ಲ. ಮೀಟರನ್ನು 10 ಆಂಪಿಗೆ ಇಟ್ಟು, ಮೈನಸ್ ಟರ್ಮಿನಲ್ ಬಿಚ್ಚಿ, ಟರ್ಮಿನಲ್ಲಿಗೂ ವೈರಿಗೂ ನಡುವೆ ಮೀಟರ್ ಸೇರಿಸಿ. ಮೀಟರ್ ಹೀಗಿರುವಾಗ ಸೆಲ್ಫ್ ಹೊಡೆಯಬೇಡಿ, ಹೆಡ್‌ಲೈಟ್ ಹಾಕಬೇಡಿ. ಮೀಟರಿನ ಫ್ಯೂಸ್ ಸುಟ್ಟುಹೋಗುತ್ತದೆ.

ಈಗ ಕಾಯಬೇಕು. ಮೊದಲಿಗೆ ಹಲವು ಆಂಪ್ ಕಾಣಬಹುದು, ಗಾಬರಿ ಬೇಡ. ಒಳಗಿನ ಕಂಪ್ಯೂಟರುಗಳು ಒಂದೊಂದಾಗಿ ಮಲಗಲು ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ. ಎಷ್ಟೋ ಕಡೆ ಎರಡೇ ನಿಮಿಷ ನೋಡಿ ‘ಸೋರಿಕೆ ಇದೆ’ ಅಂದುಬಿಡುತ್ತಾರೆ. ಅದು ಸರಿಯಲ್ಲ.

ಅರ್ಧ ಗಂಟೆಯ ಮೇಲೂ ಜಾಸ್ತಿ ತೋರಿಸಿದರೆ ಯಾವ ಸರ್ಕ್ಯೂಟ್ ಅಂತ ಹುಡುಕಿ. ಫ್ಯೂಸುಗಳನ್ನು ಕಿತ್ತು ಕಿತ್ತು ನೋಡುವುದು ಹಳೆಯ ಕ್ರಮ. ಹೊಸ ಕಾರಿನಲ್ಲಿ ಫ್ಯೂಸ್ ಕಿತ್ತು ಹಾಕಿದರೆ ಮಲಗಿದ ಕಂಪ್ಯೂಟರ್ ಮತ್ತೆ ಎದ್ದುಬಿಡುತ್ತದೆ. ಅದರ ಬದಲು ಮೀಟರನ್ನು ಮಿಲಿವೋಲ್ಟಿಗೆ ಹಾಕಿ, ಪ್ರತಿ ಫ್ಯೂಸಿನ ತಲೆಯ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳಿಗೆ ಮುಟ್ಟಿಸಿ. ಸೊನ್ನೆ ಬಂದರೆ ಅದರಲ್ಲಿ ಕರೆಂಟು ಹರಿಯುತ್ತಿಲ್ಲ. ಒಂದಿಷ್ಟಾದರೂ ಬಂದರೆ ಹರಿಯುತ್ತಿದೆ. ಆ ಫ್ಯೂಸ್ ಯಾವುದಕ್ಕೆ ಹೋಗುತ್ತದೆ ಅಂತ ಮುಚ್ಚಳದ ಮೇಲಿನ ಚಿತ್ರ ನೋಡಿ.

ನಾನು ಕಂಡ ಹಾಗೆ, ಅಪರಾಧಿ ಹೆಚ್ಚಾಗಿ ಹೊರಗಿನಿಂದ ಹಾಕಿಸಿದ್ದೇ: ಡ್ಯಾಶ್‌ಕ್ಯಾಮ್, ಜಿಪಿಎಸ್, ಹೊಸ ಮ್ಯೂಸಿಕ್ ಸಿಸ್ಟಂ, ಕಾಲಡಿಯ ಬಣ್ಣದ ಲೈಟು. ಕೀ ಆಫ್ ಆದರೂ ಕರೆಂಟು ಇರುವ ವೈರಿನಿಂದ ಇವಕ್ಕೆ ಎಳೆದುಕೊಟ್ಟಿರುತ್ತಾರೆ. ಅಲ್ಲಿಂದ ಶುರು ಮಾಡಿ.

ಫ್ಯೂಸ್ ಹಾಕಿದ ಹಾಗೇ ಸುಡುತ್ತಿದೆ. ದೊಡ್ಡದು ಹಾಕಿದರೆ ಆಗಲ್ವಾ?

ಬೇಡ. ದಯವಿಟ್ಟು ಬೇಡ. ಫ್ಯೂಸ್ ಇರುವುದು ವೈರನ್ನು ಕಾಯಲು. 10 ಆಂಪಿನ ಕೆಂಪು ಫ್ಯೂಸ್ ಜಾಗಕ್ಕೆ 30ರ ಹಸಿರು ಹಾಕಿದರೆ ಮುಂದಿನ ಸಲ ಸುಡುವುದು ವೈರು. ಅದು ಡ್ಯಾಶ್‌ಬೋರ್ಡಿನ ಹಿಂದೆ, ನಿಮ್ಮ ಕಣ್ಣಿಗೆ ಬೀಳದ ಕಡೆ. ಸಿಗರೇಟಿನ ಬೆಳ್ಳಿ ಕಾಗದ, ತಾಮ್ರದ ಎಳೆ ಸುತ್ತುವುದು ಇನ್ನೂ ಅಪಾಯ. ಬಣ್ಣಗಳನ್ನು ನೆನಪಿಡಿ: 7.5 ಕಂದು, 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು.

ಶಾರ್ಟ್ (ವೈರು ಬಾಡಿಯ ಲೋಹಕ್ಕೆ ತಗುಲಿ ಕರೆಂಟು ಅಡ್ಡದಾರಿ ಹಿಡಿಯುವುದು) ಹುಡುಕಲು ಎಲೆಕ್ಟ್ರಿಷಿಯನ್ನರು ಮಾಡುವ ಒಂದು ಉಪಾಯ ಇದೆ. ಸುಟ್ಟ ಫ್ಯೂಸಿನ ಜಾಗಕ್ಕೆ ಎರಡು ವೈರಿನಿಂದ 21 ವ್ಯಾಟಿನ ಇಂಡಿಕೇಟರ್ ಬಲ್ಬು ಜೋಡಿಸುತ್ತಾರೆ. ಶಾರ್ಟ್ ಇರುವವರೆಗೆ ಬಲ್ಬು ಜೋರಾಗಿ ಉರಿಯುತ್ತದೆ. ಕರೆಂಟು ಎರಡು ಆಂಪ್ ದಾಟದ ಕಾರಣ ವೈರಿಗೆ ಏನೂ ಆಗುವುದಿಲ್ಲ. ಆಮೇಲೆ ಆ ಸರ್ಕ್ಯೂಟಿನ ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚುತ್ತಾ, ವೈರನ್ನು ಅಲ್ಲಾಡಿಸುತ್ತಾ ಹೋದರೆ ಬಲ್ಬು ಎಲ್ಲಿ ಮಂಕಾಗುತ್ತದೋ ಅಲ್ಲಿದೆ ಶಾರ್ಟ್. ಡಿಕ್ಕಿ ಬಾಗಿಲಿನ ಕೀಲು, ಮುಂದಿನ ಬಾಗಿಲಿನ ರಬ್ಬರ್ ಕೊಳವೆ ಇವೆರಡು ಕಡೆ ವೈರು ದಿನಾ ಮಡಚಿ ಮಡಚಿ ತುಂಡಾಗುತ್ತದೆ. ಮೊದಲು ಅಲ್ಲಿ ನೋಡಿ. ಏರ್‌ಬ್ಯಾಗ್ ಮತ್ತು ಎಂಜಿನ್ ಕಂಪ್ಯೂಟರಿನ ಫ್ಯೂಸುಗಳಿಗೆ ಮಾತ್ರ ಈ ಬಲ್ಬಿನ ಉಪಾಯ ಬೇಡ.

ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿನುಗುತ್ತದೆ. ಎಸಿ ಹಾಕಿದರೆ ಹೆಡ್‌ಲೈಟ್ ಮಂಕು. ಇದೇನು?

ಒಂದಕ್ಕೊಂದು ಸಂಬಂಧವೇ ಇಲ್ಲದ ತೊಂದರೆಗಳು ಒಟ್ಟಿಗೆ ಬಂದರೆ ನನ್ನ ಮೊದಲ ಅನುಮಾನ ಅರ್ತಿಂಗ್ ಮೇಲೆ. ಕರೆಂಟು ಹೋದ ದಾರಿಯಷ್ಟೇ ಅದು ವಾಪಸ್ ಬರುವ ದಾರಿಯೂ ಚೆನ್ನಾಗಿರಬೇಕು ಅಲ್ವಾ? ಕಾರಿನಲ್ಲಿ ಆ ವಾಪಸ್ ದಾರಿ ಬಾಡಿಯ ಲೋಹ. ವೈರನ್ನು ಬಾಡಿಗೆ ಕಟ್ಟಿದ ಬೋಲ್ಟಿನಲ್ಲಿ ತುಕ್ಕು ಹಿಡಿದರೆ ಕರೆಂಟು ಬೇರೆ ಬಲ್ಬಿನ ಮೂಲಕ ದಾರಿ ಹುಡುಕಿಕೊಳ್ಳುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಇದು ಬೇಗ ಆಗುತ್ತದೆ.

ಪರೀಕ್ಷೆ ಸುಲಭ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ. ಸೆಲ್ಫ್ ಹೊಡೆಯುವಾಗ 0.2 ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ತಿಂಗ್ ಕೆಟ್ಟಿದೆ. ಲೈಟಿನದ್ದೂ ಹೀಗೇ: ಲೈಟ್ ಉರಿಯುತ್ತಿರುವಾಗ ಅದರ ಅರ್ತಿಂಗ್ ವೈರಿಗೂ ಬ್ಯಾಟರಿ ಮೈನಸ್‌ಗೂ ನಡುವೆ ಅಳೆಯಿರಿ. ಬರಿ ಓಮ್ಸ್ ಅಳೆದು ನೆಚ್ಚಿಕೊಳ್ಳಬೇಡಿ. ಒಂದೇ ಎಳೆ ಉಳಿದ ವೈರೂ ಓಮ್ಸಿನಲ್ಲಿ ಚೆನ್ನಾಗಿ ಕಾಣುತ್ತದೆ. ಕರೆಂಟು ಹರಿಯುವಾಗಲೇ ಅದರ ಬಣ್ಣ ಬಯಲಾಗುವುದು.

ಇಲಿ ವೈರ್ ಕಡಿದಿದೆ ಅಂತ ಹೇಗೆ ಗೊತ್ತಾಗುತ್ತದೆ?

ಬ್ಯಾಟರಿ ಮೇಲೆ, ಎಂಜಿನ್ ಮೇಲಿನ ಕವರ್ ಕೆಳಗೆ ಹಿಕ್ಕೆ, ಹುಲ್ಲು, ಕಾಯಿಸಿಪ್ಪೆ ಸಿಕ್ಕರೆ ಗೊತ್ತಾಯಿತು. ಮಲೆನಾಡಿನಲ್ಲಿ ಕಾರು ಕೊಟ್ಟಿಗೆಯ ಪಕ್ಕದಲ್ಲೋ ಅಡಿಕೆ ಮನೆಯ ಪಕ್ಕದಲ್ಲೋ ನಿಲ್ಲುವುದರಿಂದ ಅಲ್ಲಿ ಇದು ವರ್ಷವಿಡೀ ಇರುವ ಕಾಟ. ಕಡಿದ ವೈರನ್ನು ಬರಿ ಟೇಪ್ ಸುತ್ತಿ ಬಿಡಬೇಡಿ. ಬೆಸುಗೆ ಹಾಕಿಸಿ, ಮೇಲೆ ಬಿಸಿ ಮಾಡಿದರೆ ಕುಗ್ಗುವ ತೋಳು ಏರಿಸಿ. ಟೇಪಿನೊಳಗೆ ಮಳೆನೀರು ಸೇರಿದರೆ ಆರು ತಿಂಗಳಿಗೆ ತಾಮ್ರ ಹಸಿರಾಗುತ್ತದೆ. ಎಸಿ ಫಿಲ್ಟರನ್ನೂ ತೆಗೆದು ನೋಡಿ, ಇಲಿಗೆ ಅದು ಹಾಸಿಗೆ.

ಒಬಿಡಿ ಸ್ಕ್ಯಾನರ್ ಹಾಕಿದರೆ ಎಲ್ಲಾ ಗೊತ್ತಾಗುತ್ತದಲ್ವಾ?

ಒಬಿಡಿ ಸ್ಕ್ಯಾನರ್ ಅಂದರೆ ಕಾರಿನ ಕಂಪ್ಯೂಟರ್ ಬರೆದಿಟ್ಟ ತೊಂದರೆಯ ಕೋಡ್ ಓದುವ ಯಂತ್ರ. ಅದರಿಂದ ಸುಳಿವು ಸಿಗುತ್ತದೆ, ತೀರ್ಪಲ್ಲ. ಪಿ0562 ಅಂದರೆ ಸಿಸ್ಟಂ ವೋಲ್ಟೇಜ್ ಕಡಿಮೆ ಅಂತ. ಅದು ಬ್ಯಾಟರಿಯೋ, ಆಲ್ಟರ್ನೇಟರೋ, ಸಡಿಲ ವೈರೋ ಅಂತ ಕೋಡ್ ಹೇಳುವುದಿಲ್ಲ. ಪಿ0532 ಅಂದರೆ ಎಸಿ ಪ್ರೆಶರ್ ಸೆನ್ಸಾರಿನ ಸಿಗ್ನಲ್ ಕಡಿಮೆ. ಗ್ಯಾಸ್ ಹೋಗಿದ್ದರೂ ಬರಬಹುದು, ವೈರ್ ಶಾರ್ಟ್ ಆಗಿದ್ದರೂ ಬರಬಹುದು. ಸೆನ್ಸಾರ್ ಬದಲಾಯಿಸಿ ಅಂತ ಅದು ಹೇಳುತ್ತಿಲ್ಲ.

ಕಡಿಮೆ ಬೆಲೆಯ ಬ್ಲೂಟೂತ್ ಸ್ಕ್ಯಾನರುಗಳು ಸಾಮಾನ್ಯವಾಗಿ ಎಂಜಿನ್ ಕೋಡುಗಳನ್ನಷ್ಟೇ ಓದುತ್ತವೆ. ಸನ್‌ರೂಫ್, ಬಾಗಿಲು, ಏರ್‌ಬ್ಯಾಗ್ ಕೋಡುಗಳಿಗೆ ಆ ಕಂಪನಿಗೆ ತಕ್ಕ ಸ್ಕ್ಯಾನರ್ ಬೇಕು. ಹತ್ತಾರು ಕೋಡ್ ಒಟ್ಟಿಗೆ ಬಂದರೆ ಬ್ಯಾಟರಿ ವೋಲ್ಟೇಜ್ ಸರಿಮಾಡಿ, ಕೋಡ್ ಬರೆದಿಟ್ಟುಕೊಂಡು ಅಳಿಸಿ, ಒಂದು ಸುತ್ತು ಓಡಿಸಿ ಬನ್ನಿ. ಮತ್ತೆ ಬಂದದ್ದಷ್ಟೇ ನಿಜವಾದ ತೊಂದರೆ.

ಸನ್‌ರೂಫಿನಿಂದ ನೀರು ಸೋರುತ್ತಿದೆ. ರಬ್ಬರ್ ಹೋಗಿದೆಯಾ?

ಬಹಳ ಜನ ತಪ್ಪು ತಿಳಿದಿರುವುದು ಇಲ್ಲೇ. ಸನ್‌ರೂಫಿನ ರಬ್ಬರ್ ನೀರನ್ನು ಪೂರ್ತಿ ತಡೆಯುವುದಿಲ್ಲ. ತಡೆಯಬೇಕು ಅಂತ ಮಾಡಿದ್ದೂ ಅಲ್ಲ. ಗಾಜಿನ ಸುತ್ತ ಒಳಗಡೆ ಒಂದು ತಟ್ಟೆ ಇರುತ್ತದೆ, ನಮ್ಮ ಹಳೆ ಮನೆಗಳ ಹೆಂಚಿನ ಅಂಚಿಗೆ ಕಟ್ಟಿದ ದೋಣಿಯ ಹಾಗೆ. ಒಳಗೆ ಇಳಿದ ನೀರು ಆ ತಟ್ಟೆಗೆ ಬಿದ್ದು, ನಾಲ್ಕು ಮೂಲೆಯ ಪೈಪುಗಳ ಮೂಲಕ ಹೊರಗೆ ಹೋಗುತ್ತದೆ. ಮುಂದಿನ ಎರಡು ಪೈಪು ವಿಂಡ್‌ಶೀಲ್ಡ್ ಪಕ್ಕದ ಕಂಬದೊಳಗಿಂದ ಇಳಿಯುತ್ತವೆ. ಹಿಂದಿನ ಎರಡು ಹಿಂದಿನ ಕಂಬದೊಳಗಿಂದ.

ಸೋರಿಕೆ ಅಂದರೆ ಹೆಚ್ಚಿನ ಸಲ ಈ ಪೈಪು ಕಟ್ಟಿಕೊಂಡಿದೆ ಅಂತ. ಬೆಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಗುಲ್‌ಮೊಹರ್ ಹೂವಿನ ಎಸಳು, ರೇನ್ ಟ್ರೀಯ ಸಣ್ಣ ಎಲೆ ಉದುರಿ ತಟ್ಟೆಗೆ ಸೇರುತ್ತವೆ. ಧೂಳಿನ ಜೊತೆ ಬೆರೆತು ಗಸಿಯಾಗುತ್ತವೆ. ಸರಿಯಾಗಿ ಮುಂಗಾರು ಬರುವ ಹೊತ್ತಿಗೆ ಪೈಪಿನ ಬಾಯಿ ಮುಚ್ಚಿರುತ್ತದೆ. ಅದಕ್ಕೇ ಮೇ ಕೊನೆಯಲ್ಲಿ ಒಮ್ಮೆ ತಟ್ಟೆ ಒರೆಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಗಾಜಿನ ಸುತ್ತ ಸಿಲಿಕೋನ್ ಅಂಟು ಹಾಕಿ ಮುಚ್ಚಿಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಿಸಬೇಡಿ. ರೂಫ್ ಹಾಳಾಗುತ್ತದೆ, ನೀರು ಬೇರೆ ದಾರಿ ಹುಡುಕಿಕೊಳ್ಳುತ್ತದೆ.

ಪೈಪು ಕಟ್ಟಿದೆಯಾ ಅಂತ ನೋಡುವುದು, ಬಿಡಿಸುವುದು ಹೇಗೆ?

ರೂಫ್ ತೆರೆದು ಮೂಲೆಯ ತೂತನ್ನು ಟಾರ್ಚಿನಲ್ಲಿ ಹುಡುಕಿ. ಕಾಲು ಲೋಟ ನೀರನ್ನು ನಿಧಾನಕ್ಕೆ ಸುರಿಯಿರಿ. ಕಾರಿನ ಕೆಳಗೆ, ಮುಂದಿನ ಬಾಗಿಲಿನ ಕೀಲಿನ ಹತ್ತಿರ ಅಥವಾ ಹಿಂದಿನ ಚಕ್ರದ ಬಳಿ, ಕೂಡಲೇ ಸರಾಗವಾಗಿ ನೀರು ಬರಬೇಕು. ತಟ್ಟೆಯಲ್ಲೇ ನಿಂತರೆ ಕಟ್ಟಿದೆ. ತಟ್ಟೆ ಖಾಲಿಯಾಗಿ, ಕೆಳಗೆ ನೀರು ಬಾರದಿದ್ದರೆ ಕೂಡಲೇ ನಿಲ್ಲಿಸಿ. ಪೈಪು ಒಳಗೆಲ್ಲೋ ಕಳಚಿದೆ, ನೀರು ಕಾರಿನೊಳಗೇ ಹೋಗುತ್ತಿದೆ.

ಬಿಡಿಸಲು ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ಒಳ್ಳೆಯದು. ತುದಿಯನ್ನು ಬೆಂಕಿಯಲ್ಲಿ ಕಾಯಿಸಿ ಗುಂಡಗೆ ಮಾಡಿ, ತಿರುಗಿಸುತ್ತಾ ಇಳಿಸಿ. ಕಬ್ಬಿಣದ ತಂತಿ ಬೇಡ, ಪೈಪು ಹರಿಯುತ್ತದೆ. ಪಂಕ್ಚರ್ ಅಂಗಡಿಯ ಏರ್ ಗನ್ ಇನ್ನೂ ಬೇಡ. ಆ ರಭಸಕ್ಕೆ ಪೈಪು ತಟ್ಟೆಯಿಂದ ಕಳಚಿದರೆ ಸೀಲಿಂಗ್ ಪೂರ್ತಿ ಇಳಿಸಬೇಕಾಗುತ್ತದೆ. ಸೀಲಿಂಗ್ ಬಿಚ್ಚುವ ಕೆಲಸಕ್ಕೆ ಮಾತ್ರ ನೀವು ಕೈಹಾಕಬೇಡಿ. ಅದರ ಅಂಚಿನಲ್ಲಿ ಕರ್ಟನ್ ಏರ್‌ಬ್ಯಾಗ್ ಇರುತ್ತದೆ.

ಕಾರ್ಪೆಟ್ ಒದ್ದೆ ಇದೆ. ಅದು ಸನ್‌ರೂಫ್ ನೀರೋ, ಎಸಿ ನೀರೋ?

ಟಿಶ್ಯೂ ಒತ್ತಿ ನೋಡಿ. ಮಳೆ ಬಂದ ಮೇಲಷ್ಟೇ ಒದ್ದೆಯಾಗಿ, ನೀರಿನಲ್ಲಿ ಸ್ವಲ್ಪ ಮಣ್ಣಿನ ಬಣ್ಣ ಇದ್ದರೆ ಸನ್‌ರೂಫ್ ಪೈಪು, ವೈಪರ್ ಕೆಳಗಿನ ಗುಳಿ ಅಥವಾ ಬಾಗಿಲೊಳಗಿನ ಪ್ಲಾಸ್ಟಿಕ್ ಹಾಳೆ ನೋಡಿ. ಮಳೆ ಇಲ್ಲದೆ, ಎಸಿ ಹಾಕಿ ಓಡಿಸಿದ ದಿನ ಎಡಗಡೆ ಮುಂದೆ ಮಾತ್ರ ತಿಳಿನೀರು ಬಂದರೆ ಎಸಿಯ ನೀರಿನ ಪೈಪು ಕಟ್ಟಿದೆ. ಆಗ ಕಾರಿನ ಕೆಳಗೆ ಎಂದಿನ ಹಾಗೆ ನೀರು ತೊಟ್ಟಿಕ್ಕುವುದಿಲ್ಲ, ಅದೂ ಒಂದು ಗುರುತು. ಜಿಗುಟಾಗಿ, ಸಿಹಿ ವಾಸನೆ ಬಂದು, ಗಾಜಿನ ಒಳಗೆ ಎಣ್ಣೆಯಂಥ ಮಂಜು ಕಟ್ಟಿದರೆ ಅದು ಎಂಜಿನ್ ತಂಪು ಮಾಡುವ ಕೂಲೆಂಟ್ ದ್ರವ. ಅದು ಹಾದುಹೋಗುವ, ಡ್ಯಾಶ್‌ಬೋರ್ಡಿನೊಳಗಿನ ಹೀಟರ್ ಕೋರ್ ಸೋರುತ್ತಿದೆ.

ಯಾವ ನೀರೇ ಇರಲಿ, ಕಾರ್ಪೆಟ್ ಎತ್ತಿ ಕೆಳಗಿನ ಸ್ಪಂಜು ಒಣಗಿಸಿ. ಮೇಲ್ಗಡೆ ಒಣಗಿದರೂ ಅದು ವಾರಗಟ್ಟಲೆ ಒದ್ದೆ ಇರುತ್ತದೆ, ಅದರಡಿ ವೈರುಗಳೂ ಕನೆಕ್ಟರುಗಳೂ ಹಾದುಹೋಗಿರುತ್ತವೆ.

ಬ್ಯಾಟರಿ ಬದಲಾಯಿಸಿದ ಮೇಲೆ ಸನ್‌ರೂಫ್ ಒಂದೇ ಒತ್ತಿಗೆ ಮುಚ್ಚುತ್ತಿಲ್ಲ. ಮುಚ್ಚಿ ಮತ್ತೆ ತೆರೆದುಕೊಳ್ಳುತ್ತದೆ.

ಇವು ಎರಡು ಬೇರೆ ತೊಂದರೆ. ಒಂದೇ ಒತ್ತಿಗೆ ಮುಚ್ಚದಿರುವುದು ಸಾಮಾನ್ಯವಾಗಿ ನೆನಪು ಅಳಿಸಿದ್ದರಿಂದ. ಗಾಜು ಎಲ್ಲಿ ಶುರು, ಎಲ್ಲಿ ಕೊನೆ ಅಂತ ಮೋಟಾರಿಗೆ ಮತ್ತೆ ಕಲಿಸಬೇಕು. ಬಹಳ ಕಾರುಗಳಲ್ಲಿ ಮುಚ್ಚುವ ಸ್ವಿಚ್ಚನ್ನು ಹತ್ತು ಸೆಕೆಂಡಿಗೂ ಹೆಚ್ಚು ಒತ್ತಿ ಹಿಡಿದರೆ ಗಾಜು ಸ್ವಲ್ಪ ಅಲುಗಾಡಿ, ಪೂರ್ತಿ ತೆರೆದು ಮುಚ್ಚಿ ಕಲಿತುಕೊಳ್ಳುತ್ತದೆ. ಕ್ರಮ ಕಾರಿನಿಂದ ಕಾರಿಗೆ ಬೇರೆ. ಮಾಲೀಕರ ಕೈಪಿಡಿಯಲ್ಲಿ ಇರುತ್ತದೆ. ಎಂಜಿನ್ ಚಾಲೂ ಇಟ್ಟು ಮಾಡಿ, ವೋಲ್ಟೇಜ್ ಕಡಿಮೆಯಾದರೆ ನಡುವೆ ನಿಲ್ಲುತ್ತದೆ.

ಮುಚ್ಚಿ ಮತ್ತೆ ತೆರೆದುಕೊಳ್ಳುವುದು ಕೈ ಸಿಕ್ಕಿಕೊಳ್ಳದಿರಲಿ ಅಂತ ಇಟ್ಟ ರಕ್ಷಣೆ. ರೇಲಿನಲ್ಲಿ ಧೂಳು, ಕಡ್ಡಿ, ಗಟ್ಟಿಯಾದ ಹಳೆ ಗ್ರೀಸ್ ಇದ್ದರೆ ಮೋಟಾರ್ ಅದನ್ನೇ ಕೈ ಅಂದುಕೊಳ್ಳುತ್ತದೆ. ರೇಲನ್ನು ಬಟ್ಟೆಯಲ್ಲಿ ಒರೆಸಿ, ಕಂಪನಿ ಹೇಳಿದ ಗ್ರೀಸನ್ನು ತೆಳ್ಳಗೆ ಹಚ್ಚಿ. ಎಂಜಿನ್ ಆಯಿಲ್ ಬೇಡ, ಧೂಳು ಹಿಡಿಯುತ್ತದೆ. ಮಕ್ಕಳಿರುವ ಮನೆಯವರಿಗೆ ಒಂದು ಮಾತು: ಈ ರಕ್ಷಣೆಯನ್ನು ನಂಬಿ ಮಗುವನ್ನು ಓಡುವ ಕಾರಿನ ಸನ್‌ರೂಫಿನಲ್ಲಿ ನಿಲ್ಲಿಸಬೇಡಿ. ಬ್ರೇಕ್ ಹಾಕಿದರೆ ಮಗುವನ್ನು ಹಿಡಿಯಲು ಅಲ್ಲಿ ಏನೂ ಇರುವುದಿಲ್ಲ.

ಮೋಟಾರ್ ಸದ್ದು ಬರುತ್ತದೆ, ಗಾಜು ಅಲ್ಲಾಡುವುದಿಲ್ಲ. ಮಳೆ ಬರುವ ಹಾಗಿದೆ!

ಸ್ವಿಚ್ ಒತ್ತುವುದನ್ನು ನಿಲ್ಲಿಸಿ. ಒಳಗಿನ ಕೇಬಲ್ ಅಥವಾ ಹಲ್ಲು ಸವೆದಿದೆ. ಗಾಜು ಸೊಟ್ಟ ನಿಂತಿದ್ದರೆ ಒಂದು ಕಡೆಯ ಕೇಬಲ್ ಜಾರಿದೆ, ಜೋರು ಮಾಡಿದರೆ ಗಾಜೇ ಒಡೆಯಬಹುದು. ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಕಿ ಅಂಟಿಸಿ ಗ್ಯಾರೇಜಿಗೆ ಹೋಗಿ.

ಸದ್ದೇ ಇಲ್ಲದಿದ್ದರೆ ಅದು ಕರೆಂಟಿನ ವಿಷಯ. ಫ್ಯೂಸ್, ಸ್ವಿಚ್, ಮೋಟಾರಿನ ಕನೆಕ್ಟರಿನಲ್ಲಿ ವೋಲ್ಟೇಜ್, ಅರ್ತಿಂಗ್ ಈ ಸಾಲಿನಲ್ಲಿ ನೋಡಿ. ಕೆಲವು ಕಾರುಗಳಲ್ಲಿ ಮುಂದಿನ ಸೀಲಿಂಗ್ ಲೈಟಿನ ಹಿಂದೆ ಮೋಟಾರಿಗೆ ಅಲೆನ್ ಕೀ ಹಾಕಿ ಕೈಯಿಂದ ತಿರುಗಿಸಿ ಮುಚ್ಚುವ ವ್ಯವಸ್ಥೆ ಇದೆ. ನಿಮ್ಮದರಲ್ಲಿ ಇದೆಯಾ ಅಂತ ಇವತ್ತೇ ಕೈಪಿಡಿ ತೆಗೆದು ನೋಡಿಟ್ಟುಕೊಳ್ಳಿ.

ಎಸಿ ತಣ್ಣಗಾಗುತ್ತಿಲ್ಲ. ಗ್ಯಾಸ್ ಹಾಕಿಸಿಬಿಡಲಾ?

ಸ್ವಲ್ಪ ತಾಳಿ. ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಅದೇ ಗ್ಯಾಸ್ ಸುತ್ತುತ್ತಾ ಇರುತ್ತದೆ. ಹೊಸದರಲ್ಲೂ ತೀರಾ ಸ್ವಲ್ಪ ಇಂಗುತ್ತದೆ ನಿಜ, ಆದರೆ ಪ್ರತಿ ಬೇಸಿಗೆ ಹಾಕಿಸಬೇಕಾಗಿದ್ದರೆ ಎಲ್ಲೋ ಸೋರುತ್ತಿದೆ. ಆ ಸೋರಿಕೆ ಹುಡುಕದೆ ಗ್ಯಾಸ್ ತುಂಬಿಸುವುದು ತೂತಿನ ಕೊಡಕ್ಕೆ ನೀರು ಹೊತ್ತ ಹಾಗೆ.

ಮೊದಲು ಅಳೆಯಿರಿ. ಎಂಜಿನ್ ಬಿಸಿಯಾದ ಮೇಲೆ ಎಸಿ ಪೂರ್ತಿ ತಂಪಿಗೆ, ಒಳಗಿನ ಗಾಳಿಯೇ ಸುತ್ತುವ ಹಾಗೆ ಇಟ್ಟು, ನಡುವಿನ ಕಿಂಡಿಗೆ ಥರ್ಮಾಮೀಟರ್ ಸಿಕ್ಕಿಸಿ ಹತ್ತು ನಿಮಿಷ ಬಿಡಿ. ಹೆಚ್ಚು ಸೆಕೆ ಇಲ್ಲದ ದಿನದಲ್ಲಿ 5ರಿಂದ 10 ಡಿಗ್ರಿ ಬಂದರೆ ಚೆನ್ನಾಗಿದೆ. ಕಲಬುರಗಿ, ರಾಯಚೂರಿನ ಮೇ ಬಿಸಿಲಿನಲ್ಲೋ ಕರಾವಳಿಯ ಸೆಕೆಯಲ್ಲೋ ಇದಕ್ಕಿಂತ ಸ್ವಲ್ಪ ಜಾಸ್ತಿ ಬಂದರೂ ಹೆದರಬೇಕಿಲ್ಲ.

ತಣ್ಣಗಿಲ್ಲದಿದ್ದರೆ ಬಾನೆಟ್ ಎತ್ತಿ ನೋಡಿ. ಎಸಿ ಒತ್ತಿದಾಗ ಕಂಪ್ರೆಸರಿನ (ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪ್) ಕ್ಲಚ್ ‘ಟಕ್’ ಅಂದು ಅದರ ಮುಂದಿನ ತಟ್ಟೆ ತಿರುಗುತ್ತದಾ? ಕಂಡೆನ್ಸರಿನ (ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ, ಕಾರಿನ ಮುಂದಿರುವ ಜಾಲರಿ) ಫ್ಯಾನ್ ತಿರುಗುತ್ತದಾ? ಕ್ಲಚ್ ಹಿಡಿಯದಿದ್ದರೆ ಫ್ಯೂಸ್, ಆಮೇಲೆ ರಿಲೇ. ಪಕ್ಕದ ಹಾರ್ನ್ ರಿಲೇ ಅದೇ ನಂಬರಿನದ್ದಾದರೆ ಅದಲುಬದಲು ಮಾಡಿದರೆ ಸಾಕು, ಖರ್ಚಿಲ್ಲದ ಪರೀಕ್ಷೆ. ಆಮೇಲೆ ಕ್ಲಚ್ ಕನೆಕ್ಟರಿನಲ್ಲಿ 12 ವೋಲ್ಟ್ ಬರುತ್ತಿದೆಯಾ ನೋಡಿ. ಬಂದೂ ಹಿಡಿಯದಿದ್ದರೆ ಕಾಯಿಲ್ ಅಥವಾ ಅದರ ಅರ್ತಿಂಗ್ ಕೆಟ್ಟಿದೆ. ಬರದೇ ಇದ್ದರೆ ಕಂಪ್ಯೂಟರ್ ಬೇಕೆಂದೇ ತಡೆದಿರಬಹುದು: ಗ್ಯಾಸ್ ಕಡಿಮೆ, ಎಂಜಿನ್ ಬಿಸಿ, ಇಲ್ಲವೇ ಬ್ಯಾಟರಿ ವೋಲ್ಟೇಜ್ ಕಡಿಮೆ. ಕ್ಲಚ್ಚೇ ಇಲ್ಲದ ಕಂಪ್ರೆಸರ್‌ಗಳೂ ಇವೆ, ಅವಕ್ಕೆ ಸ್ಕ್ಯಾನರ್ ಬೇಕು.

ಎಸಿ ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಾಕಿದಾಗ ಮೆಕ್ಯಾನಿಕ್ ಹೇಳುವ ನಂಬರಿನ ಅರ್ಥ ಏನು?

ನಮ್ಮ ಹೆಚ್ಚಿನ ಕಾರುಗಳಲ್ಲಿರುವುದು ಆರ್134ಎ ಗ್ಯಾಸ್. ಕೆಲವು ಹೊಸ ಕಾರುಗಳಲ್ಲಿ ಆರ್1234ವೈಎಫ್. ಬಾನೆಟ್ ಕೆಳಗಿನ ಸ್ಟಿಕರಿನಲ್ಲಿ ಹೆಸರು, ಎಷ್ಟು ಗ್ರಾಂ ಅಂತ ಬರೆದಿರುತ್ತದೆ. ಹೊರಗೆ 30 ಡಿಗ್ರಿ ಆಸುಪಾಸಿದ್ದಾಗ ಆರ್134ಎ ಇರುವ ಎಸಿ ನಡೆಯುತ್ತಿದ್ದರೆ ಕಡಿಮೆ ಒತ್ತಡದ ಕಡೆ ಸುಮಾರು 25ರಿಂದ 45 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಅದೇ ಅಳತೆ), ಜಾಸ್ತಿ ಒತ್ತಡದ ಕಡೆ 150ರಿಂದ 250.

ಎರಡೂ ಕಡಿಮೆ ಇದ್ದರೆ ಗ್ಯಾಸ್ ಸೋರಿದೆ. ಎರಡೂ ಜಾಸ್ತಿ ಇದ್ದರೆ ಕಂಡೆನ್ಸರ್‌ಗೆ ಗಾಳಿ ಸಿಗುತ್ತಿಲ್ಲ, ಇಲ್ಲವೇ ಗ್ಯಾಸ್ ಅತಿಯಾಗಿದೆ. ಕಡಿಮೆ ಇರಬೇಕಾದ್ದು ಏರಿ, ಜಾಸ್ತಿ ಇರಬೇಕಾದ್ದು ಇಳಿದು ಎರಡೂ ಹತ್ತಿರ ಹತ್ತಿರ ಬಂದರೆ ಕಂಪ್ರೆಸರ್ ಸೋತಿದೆ. ಕಡಿಮೆ ಒತ್ತಡದ ಕಡೆ ಸೊನ್ನೆಗೆ ಇಳಿದರೆ ಎಲ್ಲೋ ಅಡ್ಡ ಕಟ್ಟಿದೆ.

ಎಂಜಿನ್ ಆಫ್ ಇದ್ದಾಗಿನ ಗೇಜ್ ನೋಡಿ ‘ಗ್ಯಾಸ್ ಫುಲ್ ಇದೆ’ ಅಂದರೆ ನಂಬಬೇಡಿ. 30 ಡಿಗ್ರಿಯಲ್ಲಿ ನಿಂತ ಆರ್134ಎ ಸುಮಾರು 97 ಪಿಎಸ್‌ಐ ತೋರಿಸುತ್ತದೆ, ಒಳಗೆ ಅರ್ಧ ಇದ್ದರೂ ಅಷ್ಟೇ, ಪೂರ್ತಿ ಇದ್ದರೂ ಅಷ್ಟೇ. ಅಡುಗೆ ಸಿಲಿಂಡರಿನ ಹಾಗೆ ಇದನ್ನೂ ತೂಗಿಯೇ ತಿಳಿಯಬೇಕು. ಹಳೆ ಗ್ಯಾಸ್ ಯಂತ್ರದಿಂದ ಹೊರತೆಗೆದು, ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಎಳೆದು (ಪೈಪಿನೊಳಗಿನ ಗಾಳಿ, ತೇವ ಹೀರಿ ತೆಗೆದು), ಸ್ಟಿಕರಿನಲ್ಲಿರುವಷ್ಟು ಗ್ರಾಂ ತೂಗಿ ತುಂಬುವುದೇ ಸರಿಯಾದ ಕ್ರಮ. ಅಗ್ಗದ ಬೆರಕೆ ಗ್ಯಾಸ್, ಸೋರಿಕೆ ಮುಚ್ಚುವ ದ್ರವ ಎರಡಕ್ಕೂ ಬೇಡ ಅನ್ನಿ. ಮೊದಲನೆಯದು ಬೆಂಕಿ ಹತ್ತುವಂಥದ್ದಾಗಿರಬಹುದು. ಎರಡನೆಯದು ವಾಲ್ವ್‌ನಲ್ಲೇ ಗಟ್ಟಿಯಾಗಬಹುದು.

ಓಡುವಾಗ ತಂಪು, ಸಿಗ್ನಲ್‌ನಲ್ಲಿ ನಿಂತರೆ ಬಿಸಿಗಾಳಿ. ಯಾಕೆ?

ಓಡುವಾಗ ಕಂಡೆನ್ಸರ್‌ಗೆ ಗಾಳಿ ತಾನಾಗಿ ಬಡಿಯುತ್ತದೆ. ನಿಂತಾಗ ಫ್ಯಾನ್ ಬೇಕು. ಫ್ಯಾನ್, ಅದರ ರಿಲೇ, ಅದರ ಅರ್ತಿಂಗ್ ನೋಡಿ. ಕಂಡೆನ್ಸರಿನ ಮುಖಕ್ಕೆ ಹುಳು, ಕೆಸರು ಮೆತ್ತಿದ್ದರೆ ಮೆಲ್ಲಗೆ ನೀರು ಹಾಯಿಸಿ ತೊಳೆಯಿರಿ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ಅದರ ತೆಳು ರೆಕ್ಕೆಗಳು ಮಡಚಿಹೋಗುತ್ತವೆ.

ಒಂದು ಗಂಟೆ ಚೆನ್ನಾಗಿದ್ದು ಆಮೇಲೆ ಕೈಕೊಡುವುದು ಬೇರೆ. ಗಾಳಿಯ ರಭಸವೇ ಕಡಿಮೆಯಾದರೆ ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟಿದೆ. ಎಸಿ ಬಟನ್ ಆಫ್ ಮಾಡಿ ಬರಿ ಫ್ಯಾನ್ ಹತ್ತು ನಿಮಿಷ ಬಿಟ್ಟಾಗ ಸರಿಯಾದರೆ ಖಚಿತ. ಫಿಲ್ಟರ್, ಕಾಯಿಲಿನ ತಾಪಮಾನ ಸೆನ್ಸಾರ್, ಗ್ಯಾಸ್ ಪ್ರಮಾಣ ನೋಡಿಸಿ. ರಭಸ ಹಾಗೇ ಇದ್ದು ತಂಪು ಮಾತ್ರ ಹೋದರೆ ಕ್ಲಚ್ ಬಿಸಿಯಾಗಿ ಬಿಟ್ಟುಕೊಳ್ಳುತ್ತಿರಬಹುದು. ಸವೆದ ಕ್ಲಚ್ಚಿನ ನಡುವಿನ ಸಂದು ಹೆಚ್ಚಾಗಿರುತ್ತದೆ. ಕೆಲವದರಲ್ಲಿ ಒಂದು ತೆಳು ವಾಷರ್ ತೆಗೆದರೆ ಸರಿಹೋಗುತ್ತದೆ. ಪೂರ್ತಿ ಕಂಪ್ರೆಸರ್ ಬದಲಾಯಿಸಲು ಒಪ್ಪುವ ಮೊದಲು ಆ ಸಂದನ್ನು ಅಳೆಸಿ.

ಬ್ಲೋವರ್ 4ರಲ್ಲಿ ಮಾತ್ರ ನಡೆಯುತ್ತದೆ. 1, 2, 3ರಲ್ಲಿ ಇಲ್ಲ.

ಬ್ಲೋವರ್ ರೆಸಿಸ್ಟರ್ ಸುಟ್ಟಿದೆ. ಸಣ್ಣ ಪಾರ್ಟ್, ಕೆಲಸವೂ ಸುಲಭ. ಅದರ ಕನೆಕ್ಟರ್ ಕರಗಿದೆಯಾ ನೋಡಿ, ಕರಗಿದ್ದರೆ ಅದನ್ನೂ ಬದಲಾಯಿಸಿ.

ಎಸಿ ಹಾಕಿದ ಕೂಡಲೇ ಹುಳಿ ವಾಸನೆ.

ಒದ್ದೆ ಕಾಯಿಲ್ ಮೇಲೆ ಬೂಷ್ಟು ಬೆಳೆದಿದೆ. ಫಿಲ್ಟರ್ ಬದಲಿಸಿ, ನೀರಿನ ಪೈಪು ನೋಡಿ, ಕಾಯಿಲ್ ತೊಳೆಸಿ. ಮನೆ ತಲುಪುವ ಎರಡು ಮೂರು ನಿಮಿಷ ಮೊದಲು ಎಸಿ ಬಟನ್ ಆಫ್ ಮಾಡಿ ಫ್ಯಾನ್ ಮಾತ್ರ ಓಡಿಸಿದರೆ ಕಾಯಿಲ್ ಒಣಗುತ್ತದೆ. ಸುಗಂಧದ ಬಾಟಲಿಯಿಂದ ಇದು ಹೋಗುವುದಿಲ್ಲ.

ನಮ್ಮದು ಎಲೆಕ್ಟ್ರಿಕ್ ಕಾರು. ಇದೆಲ್ಲಾ ಅನ್ವಯಿಸುತ್ತದಾ?

12 ವೋಲ್ಟಿನ ಭಾಗ ಅನ್ವಯಿಸುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲೂ ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಇದೆ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ. ಸನ್‌ರೂಫಿನ ಪೈಪುಗಳೂ ಹಾಗೇ. ಆದರೆ ಕಿತ್ತಳೆ ಬಣ್ಣದ ಕೇಬಲ್ ಯಾವುದನ್ನೂ ಮುಟ್ಟಬೇಡಿ. ಎಸಿ ಕಂಪ್ರೆಸರ್ ಅದೇ ಹೈ ವೋಲ್ಟೇಜಿನಲ್ಲಿ ನಡೆಯುತ್ತದೆ, ಜೀವಕ್ಕೆ ಅಪಾಯ. ಅದಕ್ಕೆ ಬೇಕಾದ ಎಣ್ಣೆಯೂ ಬೇರೆ. ಹೈ ವೋಲ್ಟೇಜ್ ತರಬೇತಿ ಆದವರ ಹತ್ತಿರವೇ ಹೋಗಿ.

ಹಾಗಾದರೆ ಯಾವ ಕೆಲಸ ನಾನೇ ಮಾಡಬಾರದು?

ಹಳದಿ ಕನೆಕ್ಟರ್ ಅಂದರೆ ಏರ್‌ಬ್ಯಾಗ್, ಅದಕ್ಕೆ ಟೆಸ್ಟ್ ಲ್ಯಾಂಪ್ ಕೂಡ ಮುಟ್ಟಿಸಬೇಡಿ. ಎಸಿ ಪೈಪಿನ ನಟ್ ಬಿಚ್ಚಬೇಡಿ. ಚಿಮ್ಮುವ ಗ್ಯಾಸ್ ಕಣ್ಣು, ಚರ್ಮವನ್ನು ಹೆಪ್ಪುಗಟ್ಟಿಸುತ್ತದೆ. ಆರ್134ಎ ಗಾಳಿಗೆ ಬಿಟ್ಟರೆ ಭೂಮಿಯ ಬಿಸಿ ಹೆಚ್ಚಿಸುವುದರಲ್ಲಿ ಅದರ ಒಂದು ಕೆಜಿ ಇಂಗಾಲದ ಡೈಆಕ್ಸೈಡಿನ ಸಾವಿರ ಕೆಜಿಗಿಂತಲೂ ಜಾಸ್ತಿ. ವಾರಂಟಿ ಇರುವ ಕಾರಿನ ವೈರನ್ನು ಕತ್ತರಿಸಬೇಡಿ.

ಗ್ಯಾರೇಜಿನಲ್ಲಿ ಏನಂತ ಹೇಳಬೇಕು?

‘ಬ್ಯಾಟರಿ ಬದಲಾಯಿಸಿ’, ‘ಗ್ಯಾಸ್ ಹಾಕಿ’ ಅಂತ ಪರಿಹಾರ ಹೇಳಬೇಡಿ. ಕಂಡದ್ದನ್ನು ಹೇಳಿ. ‘ಅಣ್ಣಾ, ಮಳೆ ಬಂದ ಮಾರನೇ ದಿನ ಮಾತ್ರ ಸ್ಟಾರ್ಟ್ ಆಗಲ್ಲ, ರಾತ್ರಿ 12.6 ಇತ್ತು, ಬೆಳಿಗ್ಗೆ 11.9 ಆಗಿತ್ತು’ ಅಂದರೆ ಒಳ್ಳೆ ಎಲೆಕ್ಟ್ರಿಷಿಯನ್‌ಗೆ ಅರ್ಧ ಕೆಲಸ ಮುಗಿದಂತೆ. ಆ ದಿನ ನಮ್ಮ ಮನೆಗೆ ಬಂದ ಹಿರಿಯರು ಕೇಳಿದ ಮೊದಲ ಪ್ರಶ್ನೆಯೂ ಅದೇ ಆಗಿತ್ತು: ‘ಇದು ಶುರುವಾಗಿದ್ದು ಮಳೆಗೆ ಮುಂಚೆನಾ, ಆಮೇಲಾ?’

ಪಾರ್ಟ್ ಬದಲಾಯಿಸಬೇಕು ಅಂದಾಗ ‘ಏನು ಅಳೆದು ನೋಡಿದ್ರಿ?’ ಅಂತ ಮರ್ಯಾದೆಯಿಂದ ಕೇಳಿ, ಹೇಳಿದ್ದನ್ನು ಬಿಲ್ ಮೇಲೆ ಬರೆಸಿಕೊಳ್ಳಿ. ತೆಗೆದ ಹಳೆ ಪಾರ್ಟ್ ವಾಪಸ್ ಪಡೆಯಿರಿ. ಹುಡುಕುವ ಕೆಲಸಕ್ಕೆ ಬೇರೆಯಾಗಿ ದುಡ್ಡು ಕೇಳಿದರೆ ಬೇಸರ ಮಾಡಬೇಡಿ. ನಮ್ಮ ಕಾರಿನಲ್ಲಿ ಬದಲಾಯಿಸಿದ ಬ್ಯಾಟರಿಗೆ, ಬಿಚ್ಚಿದ ಆಲ್ಟರ್ನೇಟರಿಗೆ ಕೊಟ್ಟದ್ದರ ಮುಂದೆ ಅವರು ಒಂದು ಗಂಟೆ ಹುಡುಕಿ ತೆಗೆದುಕೊಂಡದ್ದು ಬಹಳ ಕಡಿಮೆ.